ಅಣ್ಣನನ್ನು ದಾಟಿದ ತಂಗಿ, ಸೊಸೆಗಿಂತ ಗಿಡ್ಡವಾದ ಅತ್ತೆ

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಹಳ್ಳಿ. ಮಗನಿಗೆ ಈಗಷ್ಟೇ 13 ತುಂಬಿದೆ, ಎತ್ತರ 143 ಸೆಂ.ಮೀ. ಎರಡು ವರ್ಷದ ಹಿಂದೆ ಶಾಲೆಯಲ್ಲಿ ಅಳೆದಾಗ 133 ಇದ್ದ. ಮಗಳಿಗೆ 11, ಅವಳು ಈಗಲೇ 147. ಮನೆಯಲ್ಲಿ ಎಲ್ಲರೂ ಅವನನ್ನು ‘ಗಿಡ್ಡ’ ಅಂತಲೇ ಕರೆಯುತ್ತಾರೆ. ನಾನು 152 ಸೆಂ.ಮೀ., ನಮ್ಮ ಮನೆಯವರು 168. ತಾವು ಉದ್ದ ಆದದ್ದು ಹತ್ತನೇ ಕ್ಲಾಸಿನ ಹೊತ್ತಿಗೆ ಅಂತ ಅವರು ಹೇಳುತ್ತಾರೆ. ಎತ್ತರ ಹೆಚ್ಚಿಸುವ ಪುಡಿ ಕೊಡಬೇಕಾ? ಗರಡಿಮನೆಗೆ ಕಳಿಸಿದರೆ ಬೆಳವಣಿಗೆ ನಿಲ್ಲುತ್ತದಾ? ಮಗಳು ದೊಡ್ಡಾಕಿ ಆದರೆ ಅಲ್ಲಿಗೇ ನಿಂತುಬಿಡುತ್ತಾಳಾ? ಇನ್ನೊಂದು, ಸುಮ್ನೆ ಕೇಳುತ್ತಿದ್ದೇನೆ. ನಮ್ಮ ಅತ್ತೆಗೆ 70. ನಾನು ಮದುವೆಯಾಗಿ ಬಂದಾಗ ನನ್ನಷ್ಟೇ ಇದ್ದರು. ಈಗ ನನ್ನ ಹುಬ್ಬಿನ ಮಟ್ಟಕ್ಕೆ ಬರುತ್ತಾರೆ, ಬೆನ್ನೂ ಬಾಗಿದೆ. ವಯಸ್ಸಾದ ಮೇಲೆ ಎಲ್ಲರೂ ಹೀಗೇ ಕುಗ್ಗುತ್ತಾರಾ?

ಉತ್ತರ: ಅಕ್ಕಾರೆ, ಮೊದಲು ಮಗನ ಲೆಕ್ಕ ನೋಡೋಣ. ಅದರ ಉತ್ತರ ನಿಮ್ಮ ಪತ್ರದಲ್ಲೇ ಇದೆ. 11ಕ್ಕೆ 133, 13ಕ್ಕೆ 143. ಎರಡು ವರ್ಷಕ್ಕೆ 10 ಸೆಂ.ಮೀ., ಅಂದರೆ ವರ್ಷಕ್ಕೆ 5. ಹರೆಯ ಇನ್ನೂ ಜೋರಾಗಿ ಶುರುವಾಗದ ಹುಡುಗ ವರ್ಷಕ್ಕೆ 5 ಸೆಂ.ಮೀ. ಬೆಳೆಯುತ್ತಿದ್ದರೆ ಅವನ ಬೆಳವಣಿಗೆ ಸರಿಯಾಗಿಯೇ ನಡೆದಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ನಮ್ಮ ಮಕ್ಕಳಿಗಾಗಿಯೇ ಹೊಸ ಬೆಳವಣಿಗೆ ಚಾರ್ಟ್ ಕೊಟ್ಟಿದೆ. ಅದರಲ್ಲಿ ಇಟ್ಟು ನೋಡಿದರೆ ನಿಮ್ಮ ಮಗ ಮಧ್ಯದ ಗೆರೆಗಿಂತ ಕೆಳಗಿದ್ದಾನೆ, ಆದರೆ ಚಾರ್ಟಿನ ಒಳಗೇ ಇದ್ದಾನೆ.

ನನ್ನ ಹತ್ತಿರ ಬರುವ ತಾಯಂದಿರು ಹೆಚ್ಚಾಗಿ ಒಂದೇ ಸಂಖ್ಯೆ ಹೇಳುತ್ತಾರೆ. ‘ಡಾಕ್ಟ್ರೇ, ಇವ ಇಷ್ಟೇ ಅದಾನ’ ಅಂತ. ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ನೀವು ಎರಡು ಕೊಟ್ಟಿದ್ದೀರಿ, ನಡುವೆ ಎರಡು ವರ್ಷ ಇದೆ. ನನಗೆ ಬೇಕಾದ್ದೇ ಅದು. ಫ್ರಾನ್ಸಿನಲ್ಲಿ ಮೊಂಬೇಯಾರ್ ಎಂಬ ಶ್ರೀಮಂತ 1759ರಿಂದ 1777ರವರೆಗೆ ತನ್ನ ಮಗನನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ಒಂದೇ ಮಗುವನ್ನು ಹುಟ್ಟಿನಿಂದ ಹದಿನೆಂಟರವರೆಗೆ ಅಳೆದ ಅತಿ ಹಳೆಯ ದಾಖಲೆ ಅದು. ಇವತ್ತಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಆ ಹುಡುಗನ ಗ್ರಾಫ್ ಇದೆ. ಬೆಳವಣಿಗೆ ಒಂದೇ ವೇಗದಲ್ಲಿ ನಡೆಯುವುದಿಲ್ಲ ಅನ್ನುವುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ.

ಆ ವೇಗದ ಕಥೆ ಹೀಗಿದೆ. ಹುಟ್ಟುವಾಗ ಕೂಸು ಸುಮಾರು 50 ಸೆಂ.ಮೀ. ಮೊದಲ ವರ್ಷ ಸುಮಾರು 25 ಸೆಂ.ಮೀ. ಬೆಳೆಯುತ್ತದೆ. ಅದೇ ವೇಗ ಉಳಿದಿದ್ದರೆ ಐದನೇ ಹುಟ್ಟುಹಬ್ಬಕ್ಕೆ ಅದು ತನ್ನ ಅಪ್ಪನನ್ನೂ ದಾಟಿ 175 ಸೆಂ.ಮೀ. ಆಗುತ್ತಿತ್ತು! ಎರಡನೇ ವರ್ಷಕ್ಕೆ ವೇಗ ಅರ್ಧಕ್ಕೂ ಕಮ್ಮಿ. ನಾಲ್ಕು ವರ್ಷ ದಾಟಿದ ಮೇಲೆ ವರ್ಷಕ್ಕೆ 5ರಿಂದ 6. ಹರೆಯ ಬರುವ ಮುಂಚೆ ಅದು ಇನ್ನೂ ಸ್ವಲ್ಪ ತಗ್ಗುತ್ತದೆ. ಆಮೇಲೆ ಒಮ್ಮೆಲೇ ಜಿಗಿತ. ಈ ಜಿಗಿತ ಹುಡುಗಿಯರಲ್ಲಿ ಸುಮಾರು 12ರ ಹೊತ್ತಿಗೆ ಜೋರಾಗಿರುತ್ತದೆ, ಹುಡುಗರಲ್ಲಿ ಸುಮಾರು 14ರ ಹೊತ್ತಿಗೆ. ಎರಡು ವರ್ಷದ ಅಂತರ. ಈಗ ನಿಮ್ಮ ಮನೆ ನೋಡಿ. ಮಗಳು ಅತಿ ಜೋರಿನ ವರ್ಷದಲ್ಲಿದ್ದಾಳೆ, ಮಗ ಅತಿ ನಿಧಾನದ ವರ್ಷದಲ್ಲಿ. ಮೊದಲೇ ಹಚ್ಚಿದ ಅಡಸಾಲಿ ಕಬ್ಬನ್ನೂ ಆಮೇಲೆ ಹಚ್ಚಿದ ಕಬ್ಬನ್ನೂ ಒಂದೇ ದಿನ ನಿಂತು ಹೋಲಿಸಿದರೆ ಯಾವುದು ಎತ್ತರ ಕಾಣುತ್ತದೆ ಅಂತ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ತಡವಾದದ್ದರಿಂದ ನಷ್ಟವೇನೂ ಇಲ್ಲ, ಲಾಭವೇ ಇದೆ. ದೊಡ್ಡವರಾದ ಮೇಲೆ ಗಂಡಸರು ಹೆಂಗಸರಿಗಿಂತ ಸರಾಸರಿ 13 ಸೆಂ.ಮೀ. ಎತ್ತರ ಇರುತ್ತಾರೆ. ಇದರಲ್ಲಿ ಹೆಚ್ಚಿನ ಪಾಲು ಬರುವುದು ಜಿಗಿತ ಎರಡು ವರ್ಷ ತಡವಾಗುವುದರಿಂದ. ಆ ಎರಡು ವರ್ಷವೂ ಹುಡುಗ ಮೆಲ್ಲಗೆ ಬೆಳೆಯುತ್ತಲೇ ಇರುತ್ತಾನೆ, ಜಿಗಿಯುವಾಗ ಅವನ ಬುಡವೇ ಮೇಲಿರುತ್ತದೆ. ಉಳಿದ ಕೆಲವು ಸೆಂ.ಮೀ. ಅವರ ಜಿಗಿತ ತುಸು ಜೋರಾಗಿರುವುದರಿಂದ.

ಹಾಗಾದರೆ ಅವನು ಎಲ್ಲಿಗೆ ಮುಟ್ಟಬಹುದು? ಇದಕ್ಕೆ ಮಕ್ಕಳ ಬೆಳವಣಿಗೆಯನ್ನು ಅಭ್ಯಾಸ ಮಾಡಿದ ಬ್ರಿಟನ್ನಿನ ವೈದ್ಯ ಜೇಮ್ಸ್ ಟ್ಯಾನರ್ ಅವರ ಕಾಲದಿಂದ ಬಂದ ಸರಳ ಲೆಕ್ಕ ಇದೆ. ತಂದೆ ತಾಯಿಯ ಎತ್ತರ ಕೂಡಿಸಿ, ಮಗನಾದರೆ 13 ಸೇರಿಸಿ, ಮಗಳಾದರೆ 13 ಕಳೆದು, ಅರ್ಧ ಮಾಡಿ. ನಿಮ್ಮ ಮಗನಿಗೆ 166.5 ಬರುತ್ತದೆ, ಮಗಳಿಗೆ 153.5. ಇದರ ಆಚೆಈಚೆ 8 ಸೆಂ.ಮೀ. ಬಿಟ್ಟುಕೊಳ್ಳಿ. ಇದು ಭವಿಷ್ಯವಾಣಿ ಅಲ್ಲ, ನಿಮ್ಮ ಮನೆತನದ ಅಂದಾಜು. ಮಗ 180 ಆಗಬೇಕು ಅಂತ ಆಸೆ ಇದ್ದರೆ ಅದನ್ನು ಈಗಲೇ ಬಿಡುವುದು ಒಳ್ಳೆಯದು. 165ರ ಸುತ್ತ ಬಂದರೆ ಅವನು ತನ್ನ ಪಾಲಿನದನ್ನು ಪೂರ್ತಿ ಪಡೆದ ಹಾಗೆ.

ನಿಮ್ಮ ಮನೆಯವರ ಮಾತು ನನಗೆ ಬಹಳ ಮುಖ್ಯ ಅನ್ನಿಸಿತು. ಹತ್ತನೇ ಕ್ಲಾಸಿನ ಹೊತ್ತಿಗೆ ಬೆಳೆದೆ ಅಂದರೆ ಅವರದೂ ತಡದ ಜಿಗಿತ. ಇದು ಮನೆತನದಲ್ಲಿ ಹರಿದು ಬರುತ್ತದೆ. ಮೊದಲ ಬಾರಿ ದಾಡಿ ಮಾಡಿಸಿದ್ದು ಯಾವಾಗ ಅಂತ ಅಪ್ಪನನ್ನೋ ಸೋದರಮಾವನನ್ನೋ ಕೇಳುವುದು ನಮ್ಮ ಓಪಿಡಿಯಲ್ಲಿ ಒಂದು ನಿಜವಾದ ಪ್ರಶ್ನೆ. ಇನ್ನೊಂದು ಗುರುತು ಮನೆಯ ಬಾಗಿಲಲ್ಲೇ ಸಿಗುತ್ತದೆ, ಚಪ್ಪಲಿ. ಜಿಗಿತದಲ್ಲಿ ಮೊದಲು ಬೆಳೆಯುವುದು ಪಾದ, ಆಮೇಲೆ ಕಾಲು, ಕೊನೆಗೆ ಬೆನ್ನು. ಹೊಸ ಬೂಟು ಆರು ತಿಂಗಳಿಗೆ ಬಿಗಿಯಾಯಿತು ಅಂತ ಬೈಯುವ ಮುಂಚೆ ಒಮ್ಮೆ ಇದನ್ನು ನೆನಪಿಸಿಕೊಳ್ಳಿ.

ಇನ್ನೂ ಅನುಮಾನ ಇದ್ದರೆ ಎಡಗೈಯ ಒಂದು ಎಕ್ಸ್‌ರೇ ಸಾಕು. ಉದ್ದ ಎಲುಬುಗಳ ತುದಿಯಲ್ಲಿ ಮೆದು ಎಲುಬಿನ ಒಂದು ಪದರ ಇರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದ. ಎಕ್ಸ್‌ರೇಯಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಗೆರೆ ಮುಚ್ಚಿಹೋದರೆ ಎತ್ತರದ ಲೆಕ್ಕ ಮುಗಿಯಿತು. ಹುಡುಗಿಯರಲ್ಲಿ ಸುಮಾರು 14ರಿಂದ 16, ಹುಡುಗರಲ್ಲಿ 16ರಿಂದ 18ರೊಳಗೆ ಅದು ಮುಚ್ಚುತ್ತದೆ. 13ರ ಹುಡುಗನ ಕೈ 11ರ ಹುಡುಗನ ಕೈಯಂತೆ ಕಂಡರೆ ಅವನಿಗೆ ಬೆಳೆಯಲು ಇನ್ನೂ ಸಮಯ ಉಳಿದಿದೆ ಅಂತ ಅರ್ಥ. ಎಕ್ಸ್‌ರೇ ತಾಲೂಕು ಊರಿನಲ್ಲೇ ಆಗುತ್ತದೆ. ಓದುವವರು ಮಾತ್ರ ಮಕ್ಕಳ ಎಲುಬು ಓದಲು ಗೊತ್ತಿರುವವರಾಗಿರಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಅಂಥವರು ಸಿಗುತ್ತಾರೆ. ನಿಮ್ಮ ಮಗನಿಗೆ ಈಗಲೇ ಬೇಕೇಬೇಕು ಅಂತ ನಾನು ಹೇಳುವುದಿಲ್ಲ. 14 ತುಂಬಿದರೂ ಹರೆಯದ ಯಾವ ಗುರುತೂ ಕಾಣದಿದ್ದರೆ, ಅಥವಾ ವರ್ಷಕ್ಕೆ 4 ಸೆಂ.ಮೀ.ಗಿಂತ ಕಮ್ಮಿ ಬೆಳೆದರೆ ಆಗ ಬೇಕು. ತೂಕ ಏರುತ್ತಿದೆ, ಎತ್ತರ ಮಾತ್ರ ನಿಂತಿದೆ ಅಂದರೆ ಥೈರಾಯ್ಡ್ ನೋಡಬೇಕು. ತಲೆನೋವು, ವಾಂತಿ, ಕಣ್ಣು ಮಂಜು ಇದ್ದರೆ ಒಂದು ದಿನವೂ ತಡ ಮಾಡಬೇಡಿ.

ಈಗ ಪುಡಿ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಮೊಳಕೆ ಧಾನ್ಯದ ಪುಡಿ, ಹಾಲಿನ ಪುಡಿ, ಸಕ್ಕರೆ, ಮೇಲಿಷ್ಟು ವಿಟಮಿನ್. ಎಲುಬಿನ ಪದರಕ್ಕೆ ಇದು ವಿಶೇಷವಾಗಿ ಏನನ್ನೂ ಮಾಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ, ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಅಂತ ಸೂಚಿಸಿತು. ಆ ದುಡ್ಡಿನಲ್ಲಿ ತಿಂಗಳಿಗೆ ಎಷ್ಟು ಹಾಲು ಬರುತ್ತದೆ ಲೆಕ್ಕ ಹಾಕಿ. ಒಂದು ಲೋಟ, ಅಂದರೆ 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಈ ವಯಸ್ಸಿನ ಹುಡುಗನಿಗೆ ದಿನಕ್ಕೆ ಬೇಕಾದ್ದು ಸುಮಾರು 1000.

ನಮ್ಮ ಊಟ ಕೆಟ್ಟದ್ದಲ್ಲ, ಅರ್ಧ ಊಟ ಮಾಡುವುದು ಕೆಟ್ಟದ್ದು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಮ್ಮಿ. ಬೇಳೆ ಕಾಳಿನಲ್ಲಿ ಅದು ಸಾಕಷ್ಟಿದೆ. ಹಾಗಾಗಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೊಸರು ಸೇರಿದರೆ ಚೆನ್ನಾದ ಊಟ. ಝುಣಕವೂ ನಡೆಯುತ್ತದೆ. ಆದರೆ ಮುಂಜಾನೆ ರೊಟ್ಟಿಗೆ ಕೆಂಪುಖಾರ, ಎಣ್ಣೆ ಹಚ್ಚಿಕೊಂಡು ಶಾಲೆಗೆ ಓಡುವ ಹುಡುಗನಿಗೆ ಹೊಟ್ಟೆ ತುಂಬುತ್ತದೆ, ಎಲುಬಿಗೂ ಸ್ನಾಯುವಿಗೂ ಬೇಕಾದ್ದು ಸಿಗುವುದಿಲ್ಲ. ಶಾಲೆಯ ಹಾಲು, ತತ್ತಿ ಬಿಡಿಸಬೇಡಿ. ಮನೆಯಲ್ಲಿ ತತ್ತಿ ನಡೆಯದಿದ್ದರೆ ಬೇಡ, ಹಾಲು ಮೊಸರು ಜಾಸ್ತಿ ಮಾಡಿ. ಜಂತುಹುಳುವಿನ ಗುಳಿಗೆ ಶಾಲೆಯಲ್ಲಿ ಕೊಡುತ್ತಾರೆ, ಅದನ್ನೂ ತಪ್ಪಿಸಬೇಡಿ. ನಿದ್ದೆ 8ರಿಂದ 10 ತಾಸು. ಬೆಳವಣಿಗೆಯ ಹಾರ್ಮೋನ್ ಅತಿ ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ಹಾಸಿಗೆಯಲ್ಲಿ ಮೊಬೈಲ್ ಹಿಡಿದವರಿಗೆ ಆ ನಿದ್ದೆ ತಡವಾಗಿ ಬರುತ್ತದೆ, ಬೇಗ ಮುಗಿಯುತ್ತದೆ.

ಗರಡಿಮನೆಗೆ ಧಾರಾಳವಾಗಿ ಕಳಿಸಿ. ಸಾಮು ಮಾಡಿದರೆ ಮಕ್ಕಳು ಕುಗ್ಗುತ್ತಾರೆ ಅನ್ನುವುದು ಸುಳ್ಳು. ಬಡಿತ, ಜಿಗಿತ, ಭಾರ ಬಿದ್ದಷ್ಟೂ ಎಲುಬು ಗಟ್ಟಿಯಾಗುತ್ತದೆ. ಪೈಲ್ವಾನರ ಕಣ್ಣೆದುರಿಗೆ ಮಾಡಲಿ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಕ್ಕೆ ಮಾತ್ರ ಇಷ್ಟು ಬೇಗ ಇಳಿಯುವುದು ಬೇಡ. ಬಾರ್ ಹಿಡಿದು ಜೋತಾಡಿದರೆ ಉದ್ದ ಆಗುತ್ತಾನಾ ಅಂತಲೂ ಕೆಲವರು ಕೇಳುತ್ತಾರೆ. ಬೆನ್ನೆಲುಬಿನ ನಡುವಿನ ಗಾದಿಗಳು ಸ್ವಲ್ಪ ಸಡಿಲವಾಗಿ ಒಂದಿಷ್ಟು ಹೊತ್ತು ಎತ್ತರ ಕಾಣಬಹುದು. ರಾತ್ರಿ ಮಲಗಿ ಎದ್ದಾಗಲೂ ಅದೇ ಆಗುತ್ತದೆ. ಮುಂಜಾನೆ ಇದ್ದದ್ದಕ್ಕಿಂತ ಸಂಜೆಗೆ ಎಲ್ಲರೂ ಒಂದು ಸೆಂ.ಮೀ.ನಷ್ಟು ಗಿಡ್ಡ.

ಅದಕ್ಕೇ ಅಳೆಯುವ ರೀತಿ ಹೇಳಬೇಕು. ತಿಂಗಳಿಗೊಮ್ಮೆ ಅಳೆಯಬೇಡಿ. ತಿಂಗಳಿಗೆ ಅವನು ಬೆಳೆಯುವುದು ಅರ್ಧ ಸೆಂ.ಮೀ.ಗಿಂತ ಕಮ್ಮಿ. ನಿಮ್ಮ ಅಳತೆಯ ತಪ್ಪೇ ಅಷ್ಟಿರುತ್ತದೆ. ಒಮ್ಮೆ ಮುಂಜಾನೆ, ಒಮ್ಮೆ ಸಂಜೆ ಅಳೆದರಂತೂ ಹುಡುಗ ಕುಗ್ಗಿಬಿಟ್ಟ ಅಂತ ಮನೆಯೆಲ್ಲ ಗಾಬರಿಯಾಗುತ್ತದೆ. ಆರು ತಿಂಗಳಿಗೊಮ್ಮೆ, ಒಂದೇ ಹೊತ್ತಿಗೆ, ಬರಿಗಾಲಲ್ಲಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗಿಸಿ ನಿಲ್ಲಿಸಿ. ನೋಟ ನೇರ ಮುಂದೆ. ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಚೌಕಾಗಿ ಹಿಡಿದು ತಲೆಗೆ ತಾಗಿಸಿ, ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲಿ ತಾರೀಖು ಬರೆಯಿರಿ. ತಾರೀಖು ಇಲ್ಲದ ಗುರುತು ನನ್ನಂಥವರಿಗೆ ಪ್ರಯೋಜನಕ್ಕೆ ಬಾರದು.

ಮಗಳ ವಿಷಯಕ್ಕೆ ಬರೋಣ. ಮುಟ್ಟು ಶುರುವಾದ ದಿನ ಬೆಳವಣಿಗೆ ನಿಲ್ಲುವುದಿಲ್ಲ. ಆಮೇಲೂ ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. ಬೆಳೆಯುತ್ತಾರೆ. ಆದರೆ ಅತಿ ಜೋರಿನ ಕಾಲ ಅಷ್ಟೊತ್ತಿಗೆ ದಾಟಿರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಎದೆ ಮೂಡಲು ಶುರುವಾದ ಮೇಲೆ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಬರುತ್ತದೆ. ಜಿಗಿತ ಇರುವುದು ಆ ನಡುವಿನ ಅವಧಿಯಲ್ಲಿ. ನಮ್ಮಲ್ಲಿ ಹುಡುಗಿ ದೊಡ್ಡಾಕಿ ಆದಳು ಅಂದ ತಕ್ಷಣ ಉಂಡಿ ಕಟ್ಟುತ್ತೇವೆ, ಕೊಬ್ಬರಿ, ಬೆಲ್ಲ, ತುಪ್ಪ ಅಂತ ಓಡಾಡುತ್ತೇವೆ. ಆಸ್ಥೆ ಒಳ್ಳೆಯದೇ, ಬರುವುದು ಮಾತ್ರ ಎರಡು ವರ್ಷ ತಡವಾಗಿ. ಆ ಉಂಡಿ ತಿನ್ನಬೇಕಾದ್ದು ಹತ್ತು ಹನ್ನೊಂದರ ಹುಡುಗಿ, ಅಂದರೆ ಈಗ ನಿಮ್ಮ ಮಗಳು. ಕಬ್ಬಿಣದ ಗುಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಟ್ಟರೆ ಅದನ್ನು ನುಂಗಿದಳಾ ಅಂತ ಕೇಳಿ, ಚೀಲದಲ್ಲಿ ಉಳಿಯುವುದೇ ಜಾಸ್ತಿ. ಅಣ್ಣನಿಗೆ ಒಂದು ಲೋಟ ಹಾಲು, ತಂಗಿಗೆ ಅರ್ಧ ಅನ್ನುವ ಮನೆಗಳನ್ನೂ ನೋಡಿದ್ದೇನೆ. ನಿಮ್ಮದು ಹಾಗಿಲ್ಲ ಅಂದುಕೊಳ್ಳುತ್ತೇನೆ. ಮುಟ್ಟು ಬಂದ ಹುಡುಗಿಯ ಸೊಂಟದ ಎಲುಬು ಪೂರ್ತಿ ಬಲಿಯಲು ಇನ್ನೂ ವರ್ಷಗಳು ಬೇಕು. ಮದುವೆಯ ಮಾತು ತೆಗೆಯುವ ನೆಂಟರು ಬಂದರೆ ಇದನ್ನೂ ಹೇಳಿ. ಕಾನೂನಂತೂ 18ಕ್ಕೆ ಮುಂಚೆ ಬೇಡ ಅನ್ನುತ್ತದೆ.

ಮಗ, ಮಗಳು, ಅತ್ತೆ, ಮೂವರ ಪ್ರಶ್ನೆಯನ್ನೂ ಒಂದೇ ಪತ್ರದಲ್ಲಿ ಬರೆದದ್ದು ಒಳ್ಳೆಯದಾಯಿತು. ಯಾಕಂದರೆ ಮೂವರಲ್ಲೂ ಒಂದೇ ಹಾರ್ಮೋನ್ ಇದೆ, ಈಸ್ಟ್ರೋಜನ್. ಅದು ಹೆಂಗಸರದ್ದು ಅಂತ ಎಲ್ಲರೂ ತಿಳಿದಿದ್ದೇವೆ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಗಂಡಸಿನ ಬಗ್ಗೆ ಬರೆದರು. ಎತ್ತರ 204 ಸೆಂ.ಮೀ. ಮೈಯಲ್ಲಿ ಗಂಡಸಿನ ಹಾರ್ಮೋನ್ ಬೇಕಾದಷ್ಟಿತ್ತು, ಆದರೂ ಇನ್ನೂ ಬೆಳೆಯುತ್ತಲೇ ಇದ್ದ. ಅವನ ಎಲುಬಿನ ವಯಸ್ಸು 15ರ ಹುಡುಗನದು. ಹುಟ್ಟಿನಿಂದಲೇ ಅವನ ದೇಹಕ್ಕೆ ಈಸ್ಟ್ರೋಜನ್ನಿನ ಮಾತು ಕೇಳುವ ಶಕ್ತಿ ಇರಲಿಲ್ಲ. ಗಂಡುಮಕ್ಕಳಲ್ಲೂ ಎಲುಬಿನ ಆ ಪದರವನ್ನು ಮುಚ್ಚುವುದು ಈಸ್ಟ್ರೋಜನ್ನೇ ಅಂತ ಆಗ ಸ್ಪಷ್ಟವಾಯಿತು. ಹುಡುಗರಲ್ಲಿ ಗಂಡಸಿನ ಹಾರ್ಮೋನ್ ಆದ ಟೆಸ್ಟೋಸ್ಟಿರಾನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಬದಲಾಗಿ ಆ ಕೆಲಸ ಮಾಡುತ್ತದೆ. ಮೈಕಟ್ಟು ಬರಲಿ ಅಂತ ಕೆಲವರು ಹುಡುಗರಿಗೆ ಕೊಡಿಸುವ ಸ್ಟೀರಾಯ್ಡ್ ಸೂಜಿ, ಅಂದರೆ ಗಂಡಸಿನ ಹಾರ್ಮೋನಿನ ಥರದ್ದು, ಯಾಕೆ ಅಪಾಯ ಅಂತ ಈಗ ತಿಳಿಯಿತಲ್ಲ? ನಾಲ್ಕು ತಿಂಗಳು ದಪ್ಪ ಕಾಣುತ್ತಾನೆ, ಪದರ ಬೇಗ ಮುಚ್ಚಿ ಕೊನೆಗೆ ಗಿಡ್ಡನಾಗಿಯೇ ಉಳಿಯಬಹುದು.

ಆ 204 ಸೆಂ.ಮೀ. ಮನುಷ್ಯನಲ್ಲಿ ಇನ್ನೊಂದು ತೊಂದರೆಯೂ ಇತ್ತು. 28ಕ್ಕೇ ಅವನ ಎಲುಬು ಮುದುಕರ ಎಲುಬಿನಂತೆ ಟೊಳ್ಳಾಗಿತ್ತು. ಎಲುಬನ್ನು ಬೆಳೆಯದಂತೆ ನಿಲ್ಲಿಸುವ ಹಾರ್ಮೋನೇ ಆಮೇಲೆ ಅದನ್ನು ಕಾಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತಾಗ ಈ ಕಾವಲು ಒಮ್ಮೆಲೇ ಹೋಗುತ್ತದೆ. ಮುಂದಿನ ಐದಾರು ವರ್ಷ ಎಲುಬು ಬೇಗ ಬೇಗ ಸವೆಯುತ್ತದೆ. ಎಲುಬಿನ ಗಟ್ಟಿತನ ತುಂಬಿಕೊಳ್ಳುವುದು ಮೂವತ್ತರ ಒಳಗೆ, ಅದರಲ್ಲೂ ಹೆಚ್ಚಿನದು ಇಪ್ಪತ್ತರೊಳಗೆ. ಆಗ ಎಷ್ಟು ತುಂಬಿಕೊಂಡಿದ್ದರೋ ಅದರಲ್ಲೇ ಮುಂದೆ ದಾಟಬೇಕು.

ವಯಸ್ಸಾದ ಮೇಲೆ ಎಲ್ಲರೂ ಸ್ವಲ್ಪ ಕುಗ್ಗುವುದು ನಿಜ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಿಂದ ಒಂದೇ ಜನರನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದ್ದಾರೆ. ಅಲ್ಲಿನ ಲೆಕ್ಕದಲ್ಲಿ 30ರಿಂದ 70ರೊಳಗೆ ಗಂಡಸರು ಸರಾಸರಿ 3 ಸೆಂ.ಮೀ., ಹೆಂಗಸರು 5 ಸೆಂ.ಮೀ. ಕಳೆದುಕೊಂಡಿದ್ದರು. ನಿಮ್ಮ ಅತ್ತೆ ನಿಮ್ಮ ಹುಬ್ಬಿನ ಮಟ್ಟಕ್ಕೆ ಬಂದಿದ್ದಾರೆ ಅಂದರೆ 8 ಸೆಂ.ಮೀ. ಹತ್ತಿರ ಹೋಗಿದೆ. ಅದೂ ನಿಮ್ಮ ಮದುವೆಯಾದ ಮೇಲೆ, ನಲವತ್ತು ವರ್ಷದಲ್ಲಲ್ಲ. ಇದು ಬರೀ ವಯಸ್ಸಲ್ಲ. 4 ಸೆಂ.ಮೀ. ದಾಟಿದರೆ ನಾವು ಬೆನ್ನಿನ ಎಕ್ಸ್‌ರೇ ಕೇಳುತ್ತೇವೆ. ಟೊಳ್ಳಾದ ಬೆನ್ನೆಲುಬಿನ ಮಣಿ ಕೂತಲ್ಲೇ ಕುಸಿಯುತ್ತದೆ. ಕೊಡ ಎತ್ತಿದಾಗ, ಕೆಮ್ಮಿದಾಗ, ಬಗ್ಗಿ ಕಸ ಹೊಡೆಯುವಾಗ. ಎಷ್ಟೋ ಸಲ ನೋವೂ ದೊಡ್ಡದಾಗಿ ಇರುವುದಿಲ್ಲ, ‘ನಡ ಹಿಡಿದೈತಿ’ ಅಂತ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಸೀರೆ ಉಡುವಾಗ ಮುಂಚೆಗಿಂತ ಜಾಸ್ತಿ ಸಿಕ್ಕಿಸಿಕೊಳ್ಳಬೇಕಾಗಿದೆಯಾ ಅಂತ ಕೇಳಿ ನೋಡಿ. ಅವರಿಗೆ ಅದು ಗೊತ್ತಾಗಿರುತ್ತದೆ.

ಒಂದು ಮಣಿ ಕುಸಿದವರಿಗೆ ಮುಂದಿನದು ಕುಸಿಯುವ ಸಾಧ್ಯತೆ ಜಾಸ್ತಿ. ಸೊಂಟ ಮುರಿಯುವ ಭಯವೂ ಇದೆ. ಇದಕ್ಕೆ ಔಷಧ ಇದೆ. ವಾರಕ್ಕೊಮ್ಮೆ ನುಂಗುವ ಗುಳಿಗೆ ಇದೆ, ವರ್ಷಕ್ಕೊಮ್ಮೆ ಕೊಡುವ ಸೂಜಿಯೂ ಇದೆ. ಹೋದ ಎತ್ತರ ವಾಪಸ್ ಬರುವುದಿಲ್ಲ, ಮುಂದಿನ ಮುರಿತ ತಡೆಯಬಹುದು. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ದಿನಾ ನಡಿಗೆ. ಬಚ್ಚಲದಲ್ಲಿ ಜಾರದ ನೆಲ, ರಾತ್ರಿ ಒಂದು ದೀಪ. ನೀವೂ ಈಗಿನಿಂದಲೇ ಹಾಲು ಮೊಸರು ಬಿಡಬೇಡಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಪದ್ಧತಿ ಎಲುಬಿಗೆ ಆಗುವುದಿಲ್ಲ.

ನೀವು ‘ಸುಮ್ನೆ’ ಕೇಳಿದ ಪ್ರಶ್ನೆಯೇ ಅವಸರದ್ದು. ಮಗನ ಅಳತೆ ಆರು ತಿಂಗಳು ಕಾಯಬಹುದು. ಈ ವಾರ ಒಬ್ಬರನ್ನೇ ಆಸ್ಪತ್ರೆಗೆ ಕರೆದೊಯ್ಯಲು ಆಗುವುದಾದರೆ ಅತ್ತೆಯವರನ್ನು ಕರೆದೊಯ್ಯಿರಿ. ಎಲುಬಿನ ಡಾಕ್ಟರಿಗೆ ಇಷ್ಟು ಹೇಳಿ: ಮುಂಚೆ ಎಷ್ಟಿದ್ದರು, ಈಗ ಎಷ್ಟು, ಮುಟ್ಟು ನಿಂತದ್ದು ಯಾವ ವಯಸ್ಸಿಗೆ, ಗರ್ಭಕೋಶ ತೆಗೆಸಿದ್ದಾರಾ, ಅಂಡಾಶಯವನ್ನೂ ತೆಗೆದಿದ್ದರಾ, ದಮ್ಮಿಗೋ ಸಂಧಿವಾತಕ್ಕೋ ವರ್ಷಗಟ್ಟಲೆ ಸ್ಟೀರಾಯ್ಡ್ ಗುಳಿಗೆ (ಮೈಕಟ್ಟಿನ ಸೂಜಿಯದಲ್ಲ, ಇದು ಬೇರೆ ಜಾತಿಯದು) ನುಂಗಿದ್ದಾರಾ. ಸಂಜೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಅದನ್ನೂ ಹೇಳಿ. ಬೆನ್ನೆಲುಬಿನ ಕ್ಷಯದಿಂದಲೂ ಬೆನ್ನು ಬಾಗುತ್ತದೆ, ಅದರ ಔಷಧವೇ ಬೇರೆ.